ಹುತ್ತದ ಸುತ್ತ ಬಿಟ್ಟ ಹತ್ತು ಹೆಜ್ಜೆ

ಕಡಲೆಕಾಯಿ ಗಿಡ ಕಿತ್ತಾಗ ಕೈತುಂಬ ಸೊಪ್ಪು ಬಂದು, ಬೇರಿನಲ್ಲಿ ಮೂರೇ ಕಾಯಿ ತೂಗುತ್ತಿದ್ದರೆ ಹೇಗಿರುತ್ತದೆಂದು ಕಂಡವರಿಗೆ ಗೊತ್ತು. ಮಳೆ ಬಂದಿರುತ್ತದೆ. ಕಳೆ ತೆಗೆದಿರುತ್ತೇವೆ. ದೂರದಿಂದ ಹೊಲ ನೋಡಿದರೆ ಕಣ್ಣಿಗೆ ತಂಪು. ಕಿತ್ತು ನೋಡಿದರೆ ಏನೂ ಇಲ್ಲ. ಆಗ ನಾವು ಭೂಮಿಯನ್ನು ಬಯ್ಯುತ್ತೇವೆ. ಬೀಜ ಕೊಟ್ಟವನನ್ನು ಬಯ್ಯುತ್ತೇವೆ. ಯಾರದೋ ಕಣ್ಣು ಬಿತ್ತು ಅನ್ನುತ್ತೇವೆ. ನಮ್ಮ ಕೈಯನ್ನು ಮಾತ್ರ ನೋಡಿಕೊಳ್ಳುವುದಿಲ್ಲ.

೧೯೬೩ನೇ ಇಸವಿಯಲ್ಲಿ ನಮ್ಮ ಮನೆಯಲ್ಲಿ ಹಾಗೇ ಆಯಿತು. ತಪ್ಪು ನನ್ನದು. ನನ್ನ ಹೆಸರು ನರಸಿಂಹಪ್ಪ. ಸಾದಲಿ ಹೋಬಳಿಯವನು. ನನ್ನಂಥವರು ಇನ್ನೂ ಇರಬಹುದು ಅನ್ನುವ ಕಾರಣಕ್ಕೆ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ನಮ್ಮದು ರೇಷ್ಮೆ ಹುಳ ಮೇಯಿಸುವ ಮನೆ. ಬಾವಿಯ ಪಕ್ಕ ಒಂದೂವರೆ ಎಕರೆ ಹಿಪ್ಪುನೇರಳೆ ತೋಟ ಇದೆ. ಸೊಪ್ಪು ಕೊಯ್ದ ಮೇಲೆ ಪ್ರತಿ ಸಲವೂ ಅಮೋನಿಯಂ ಸಲ್ಫೇಟು ಹಾಕುತ್ತೇವೆ. ನೋಡಲು ಕಲ್ಲುಪ್ಪಿನ ಪುಡಿಯಂತೆ ಬೆಳ್ಳಗಿರುವುದರಿಂದ ನಮ್ಮ ಕಡೆ ಅದಕ್ಕೆ ಉಪ್ಪಿನ ಗೊಬ್ಬರ ಅಂತಲೇ ಹೆಸರು. ಹಾಕಿ ನೀರು ಕಟ್ಟಿದರೆ ಎಂಟು ದಿನಕ್ಕೆ ತೋಟ ಕಪ್ಪು ಹಸಿರಾಗುತ್ತದೆ. ಎಲೆ ಅಂಗೈಯಗಲ ಆಗುತ್ತದೆ. ಎಲೆ ಚೆನ್ನಾಗಿದ್ದರೆ ಹುಳ ಚೆನ್ನ, ಹುಳ ಚೆನ್ನಾಗಿದ್ದರೆ ಗೂಡು ಚೆನ್ನ. ಹೀಗಾಗಿ ನಮ್ಮೂರಿನವರು ಯಾವ ಬೆಳೆಯ ಮುಂದೆ ನಿಂತರೂ ಮೊದಲು ನೋಡುವುದು ಸೊಪ್ಪನ್ನು. ಅದು ನಮ್ಮ ಕಣ್ಣಿಗೆ ಅಂಟಿದ ಅಭ್ಯಾಸ.

ತೋಟ ಬಿಟ್ಟರೆ ಮಳೆಯನ್ನೇ ನಂಬಿದ ಇನ್ನೊಂದು ಎಕರೆ ಕೆಂಪು ಮಣ್ಣಿನ ಬೆದ್ದಲು ಇದೆ. ಅದು ನನ್ನದಲ್ಲ, ನನ್ನ ಹೆಂಡತಿ ಕೊಂಡಮ್ಮನದು. ಮದುವೆಯಲ್ಲಿ ಅವಳಪ್ಪ ಅರಿಶಿನ ಕುಂಕುಮಕ್ಕೆಂದು ಮಗಳಿಗೆ ಬಿಟ್ಟುಕೊಟ್ಟ ಹೊಲ. ಆ ಹೊಲಕ್ಕೆ ಏನು ಬಿತ್ತಬೇಕು, ಬಂದದ್ದನ್ನು ಏನು ಮಾಡಬೇಕು ಅನ್ನುವ ಮಾತು ಅವಳದು. ಪ್ರತಿ ವರ್ಷ ಕಡಲೆಕಾಯಿ ಹಾಕುತ್ತಿದ್ದಳು, ಅಂಚಿಗೆ ಒಂದಿಷ್ಟು ಹರಳು. ಏಳು ಮೂಟೆ, ಒಳ್ಳೆಯ ವರ್ಷವಾದರೆ ಎಂಟು ಮೂಟೆ ಕಾಯಿ ಆಗುತ್ತಿತ್ತು. ಮನೆಗೆ ಬೇಕಾದ ಎಣ್ಣೆ ಅಲ್ಲಿಂದಲೇ. ಬೀದಿಯಲ್ಲಿ ಯಾವ ಮನೆಯಲ್ಲಿ ಹೆರಿಗೆಯಾದರೂ ಮಗುವಿನ ನೆತ್ತಿಗೆ ಹರಳೆಣ್ಣೆ ಹೋಗುತ್ತಿದ್ದದ್ದು ಕೊಂಡಮ್ಮನ ಹೊಲದ್ದೇ. ಉಳಿದ ಎಲ್ಲ ವಿಷಯಕ್ಕೂ ನನ್ನನ್ನು ಕೇಳುವವಳು, ಆ ಒಂದು ಎಕರೆಯಲ್ಲಿ ನಿಂತಾಗ ಮಾತ್ರ ಯಾರನ್ನೂ ಕೇಳುತ್ತಿರಲಿಲ್ಲ.

ಹೊಲದ ಮೂಡಲ ಮೂಲೆಯಲ್ಲಿ ಒಂದು ಹುತ್ತವಿದೆ. ನಾಗರ ಪಂಚಮಿಗೆ ನಮ್ಮಮ್ಮ ಪೆದ್ದಮ್ಮ ಅಲ್ಲಿಗೆ ಹೋಗಿ ತನಿ ಎರೆದು ಬರುತ್ತಾಳೆ.

ಆ ವರ್ಷ ಆರಿದ್ರಾ ಮಳೆಗೆ ಕೊಂಡಮ್ಮ ಕಡಲೆಕಾಯಿ ಬಿತ್ತಿದಳು. ಚೆನ್ನಾಗಿ ಹುಟ್ಟಿತು. ಒಂದು ತಿಂಗಳಿಗೆ ಹಳದಿ ಹೂವು ಕಣ್ಣು ಬಿಡತೊಡಗಿತು. ಅದೇ ಹೊತ್ತಿಗೆ ಚಿಂತಾಮಣಿಯಲ್ಲಿ ಅವಳ ಅಕ್ಕನ ಮಗಳಿಗೆ ಹೆರಿಗೆಯಾಗಿ, ಬಾಣಂತನಕ್ಕೆ ನೆರವಾಗಲು ಹದಿನೈದು ದಿನ ಅಲ್ಲಿಗೆ ಹೋದಳು. ಹೋಗುವಾಗ ಕಳೆ ತೆಗೆಸಿ ಅಂದಳು. ಬೇರೇನೂ ಹೇಳಲಿಲ್ಲ.

ತೋಟಕ್ಕೆಂದು ಸೊಸೈಟಿಯಿಂದ ತಂದ ಉಪ್ಪಿನ ಗೊಬ್ಬರದಲ್ಲಿ ಎರಡು ಮೂಟೆ ಉಳಿದಿತ್ತು. ಪುಷ್ಯ ಮಳೆ ಹದವಾಗಿ ಬಿದ್ದಿತ್ತು. ಅವಳ ಹೊಲಕ್ಕೂ ಒಂದು ಉಪಕಾರ ಮಾಡೋಣ, ಬಂದಾಗ ನೋಡಿ ಖುಷಿಪಡಲಿ ಅಂತ ನನಗೆ ಅನ್ನಿಸಿತು. ಆ ಎರಡು ಮೂಟೆಯನ್ನೂ ಎಕರೆಗೆ ಎರಚಿದೆ. ತೋಟಕ್ಕೆ ಹೇಗೆ ಎರಚುತ್ತಿದ್ದೆನೋ ಹಾಗೇ.

ಪುಟ್ಟಿ ಹೊತ್ತು ಮೂಡಲ ಮೂಲೆಗೆ ಹೋಗುವಾಗ ಅಮ್ಮ ಬದುವಿನ ಮೇಲೆ ನಿಂತು ತಡೆದಳು.

"ಹುತ್ತದ ಹತ್ರ ಉಪ್ಪು ಬೀಳಕೂಡದು ಕಣೋ ನರಸಿಂಹ. ನಾಗಪ್ಪನಿಗೆ ಕಣ್ಣುರಿ ಬರ್ತದೆ. ನಾಳಿದ್ದು ಪಂಚಮಿ ಬೇರೆ."

ಇದು ಅಡುಗೆ ಉಪ್ಪಲ್ಲ ಅಂತ ಹೇಳಿದೆ. ಬೆಳ್ಳಗಿದೆಯಲ್ಲ, ನಾಲಿಗೆಗೆ ಇಟ್ಟರೆ ಚುರುಕ್ ಅನ್ನುತ್ತದಲ್ಲ, ಮತ್ತೇನು ಅಂದಳು. ಹಬ್ಬದ ಮುಂದೆ ಅವಳ ಹತ್ತಿರ ವಾದ ಬೇಡವೆಂದು ಹುತ್ತದ ಸುತ್ತ ಹತ್ತು ಹೆಜ್ಜೆ ಬಿಟ್ಟು ಮಿಕ್ಕ ಹೊಲಕ್ಕೆಲ್ಲ ಎರಚಿ ಬಂದೆ. ಮನಸ್ಸಿನಲ್ಲೇ ಅಮ್ಮನ ಮಾತಿಗೆ ಸ್ವಲ್ಪ ನಕ್ಕೆ. ಆ ನಗುವಿಗೆ ಆಮೇಲೆ ಎಷ್ಟು ಸಲ ನಾಚಿಕೊಂಡಿದ್ದೇನೋ ಲೆಕ್ಕವಿಲ್ಲ.

ಎಂಟು ದಿನಕ್ಕೆ ಹೊಲ ಕಪ್ಪು ಹಸಿರಾಯಿತು. ಸಾಲು ಸಾಲು ಕೂಡಿಕೊಂಡು ಮಣ್ಣೇ ಕಾಣದ ಹಾಗೆ ಹಬ್ಬಿತು. ದಾರಿಯಲ್ಲಿ ಹೋಗುವವರು ನಿಂತು ನೋಡುವಂತಾಯಿತು. ಪಕ್ಕದ ಹೊಲದ ಗಂಗುಲಪ್ಪ ನನಗೆ ವರಸೆಯಲ್ಲಿ ಬಾವಮೈದ, ನಾಲಿಗೆ ಚುರುಕು. ಬದುವಿನ ಮೇಲೆ ಕೂತು ಬೀಡಿ ಹಚ್ಚಿ ಕೇಳಿದ:

"ಏಂ ಬಾವಾ, ಈ ಸಲ ಹುಳಕ್ಕೆ ಕಳ್ಳೇಕಾಯ್ ಸೊಪ್ಪು ಮೇಯಿಸ್ತೀಯ?"

ಹೊಟ್ಟೆಕಿಚ್ಚು ಅಂದುಕೊಂಡು ನಾನೂ ನಕ್ಕೆ.

ಕೊಂಡಮ್ಮ ಚಿಂತಾಮಣಿಯಿಂದ ಬಂದವಳು ಹೊಲ ನೋಡಿ ಬೆರಗಾದಳು. ಏನು ಮಾಡಿದಿರಿ ಅಂತ ಕೇಳಿದಳು. ಮಳೆ ಚೆನ್ನಾಗಿ ಆಯಿತಲ್ಲ ಅಂದೆ. ಕಾಯಿ ಕೀಳುವ ದಿನ ಗುಟ್ಟು ಹೇಳಿ ಮೆಚ್ಚುಗೆ ಪಡೆಯಬೇಕೆಂಬ ಆಸೆ ನನಗೆ. ಅವಳು ಬಾಗಿ ಗಿಡ ಬಗೆದು ನೋಡಿ, ಹೂವು ಯಾಕೋ ಕಡಿಮೆ ಅನ್ನಿಸುತ್ತೆ ಅಂದಳು. ಇಷ್ಟು ಸೊಪ್ಪಿನ ನಡುವೆ ನಿನಗೆ ಹೂವು ಕಾಣುವುದು ಹೇಗೆ ಅಂದುಬಿಟ್ಟೆ.

ಕಾರ್ತಿಕದಲ್ಲಿ ಕಿತ್ತೆವು. ಮೊದಲ ಗಿಡ ಕಿತ್ತಾಗ ಮೂರು ಕಾಯಿ. ಎರಡನೆಯದರಲ್ಲಿ ನಾಲ್ಕು, ಅದರಲ್ಲಿ ಎರಡು ಜೊಳ್ಳು. ಏಳೆಂಟು ಮೂಟೆಯಾಗುವ ಕಡೆ ನಾಲ್ಕು ಮೂಟೆ ಆಯಿತು. ಸೊಪ್ಪು ಮಾತ್ರ ಎರಡು ಗಾಡಿ.

ಗುಟ್ಟು ನನ್ನಲ್ಲೇ ಉಳಿಯಿತು. ಮೊದಲು ಖುಷಿಗೆ ಮುಚ್ಚಿಟ್ಟದ್ದನ್ನು ಈಗ ನಾಚಿಕೆಗೆ ಮುಚ್ಚಿಟ್ಟೆ. ಅಮ್ಮನಿಗೆ ಗೊತ್ತಿತ್ತು, ಅವಳೂ ಬಾಯಿ ಬಿಡಲಿಲ್ಲ. ಮಗನ ಮಾನ ಅಂದುಕೊಂಡಳೋ ಏನೋ. ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ನಿಲ್ಲಲಿಲ್ಲ. ಮುಚ್ಚಿಟ್ಟವನಿಗೆ ಬೇರೊಂದು ಕಾರಣ ಹುಡುಕಿ ಹೇಳಬೇಕಾಗುತ್ತದೆ. ನಾನು ಹೊಲವನ್ನೇ ದೂರಿದೆ. ಈ ಮಣ್ಣಿನಲ್ಲಿ ಸಾರ ಮುಗಿದಿದೆ, ಇನ್ನು ಕಾಯಿ ಕಟ್ಟುವ ಭೂಮಿ ಇದಲ್ಲ, ಬರುವ ಮಳೆಗಾಲಕ್ಕೆ ಇಲ್ಲೂ ಹಿಪ್ಪುನೇರಳೆ ನೆಟ್ಟುಬಿಡೋಣ ಅಂದೆ. ನೇರಳೆ ನೆಟ್ಟರೆ ಅದು ತೋಟದ ಜೊತೆ ಸೇರಿ ನನ್ನ ಉಸ್ತುವಾರಿಗೆ ಬರುತ್ತದೆ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಆ ಹೊಲದ ಮಾತು ನಂದು ಅಂತ ನಮ್ಮಪ್ಪ ಹೇಳಿದ್ದ," ಅಂದಳು.

"ಹೋದ ಬೆಳೆಯ ಮಾತೂ ನಿಂದೇನಾ?" ಅಂದೆ.

ಹದಿನಾರು ವರ್ಷದ ಸಂಸಾರದಲ್ಲಿ ನಾನು ಆಡಿದ ಅತಿ ಕೆಟ್ಟ ಮಾತು ಅದು.

ಆದರೆ ಕೀಳುವ ದಿನ ಅವಳು ಒಂದು ಕೆಲಸ ಮಾಡಿದ್ದಳು. ಹುತ್ತದ ಸುತ್ತ ಇದ್ದ ಗಿಡಗಳು ಕುಳ್ಳಗಿದ್ದವು, ಬಣ್ಣ ತಿಳಿಯಾಗಿತ್ತು, ಕಿತ್ತಾಗ ಮಾತ್ರ ಒಂದೊಂದರಲ್ಲೂ ಹಿಡಿ ತುಂಬ ಕಾಯಿ. ಅಮ್ಮ ಅದನ್ನು ನಾಗಪ್ಪನ ಪ್ರಸಾದ ಅಂತ ಕಣ್ಣಿಗೊತ್ತಿಕೊಂಡಳು. ಕೊಂಡಮ್ಮ ಅಲ್ಲಿಯ ಒಂದು ಗಿಡವನ್ನೂ ಹೊಲದ ನಡುವಿನ ಒಂದು ಗಿಡವನ್ನೂ ಬೇರಿನ ಸಮೇತ ಜೋಪಾನವಾಗಿ ಕಿತ್ತು, ಮಣ್ಣು ಕೊಡವಿ, ಮನೆಯ ತೊಲೆಗೆ ಜೊತೆಯಾಗಿ ನೇತುಹಾಕಿದಳು. ಯಾಕೆ ಅಂತ ಕೇಳಿದೆ. ಯಾಕೋ, ನೋಡ್ತಾ ಇರೋಣ ಅಂತ ಅಂದಳು. ಆರು ತಿಂಗಳು ಆ ಎರಡು ಗಿಡ ನನ್ನ ತಲೆಯ ಮೇಲೇ ತೂಗುತ್ತಿದ್ದವು.

ಮುಂದಿನ ವರ್ಷ ಕೃತ್ತಿಕೆ ಮಳೆ ಬಿದ್ದಿತು. ನಾನು ಹಗ್ಗ ಹಿಡಿದು ಕೊಂಡಮ್ಮನ ಹೊಲದಲ್ಲಿ ಗೆರೆ ಎಳೆದು ನೇರಳೆಗೆ ಗುಂಡಿ ತೋಡಲು ಶುರುಮಾಡಿದೆ. ಎರಡು ದಿನಕ್ಕೆ ಇಪ್ಪತ್ತು ಗುಂಡಿ ಆಯಿತು. ಮೂರನೇ ದಿನ ಬೆಳಿಗ್ಗೆ ಹೊರಡುವ ಹೊತ್ತಿಗೆ, ಊರೂರಿಗೆ ಹೋಗಿ ರೈತರಿಗೆ ಬೇಸಾಯದ ಸಲಹೆ ಕೊಡುವ ಸರ್ಕಾರದ ಗ್ರಾಮಸೇವಕ ಚೆನ್ನರಾಯಪ್ಪನವರು ಸೈಕಲ್ಲು ತಳ್ಳಿಕೊಂಡು ಬಂದರು. ಗೌರಿಬಿದನೂರು ಕಡೆಯವರು. ಯಾರ ಮನೆಗೆ ಹೋದರೂ ಜಗುಲಿಯ ಮೇಲೆ ಕೂತು ಮೊದಲು ನೀರು ಕೇಳುತ್ತಾರೆ, ಆಮೇಲೆ ಬೆಳೆ ಕೇಳುತ್ತಾರೆ.

ಕೊಂಡಮ್ಮ ನೀರು ತಂದುಕೊಟ್ಟಳು. ಹಾಗೇ ತೊಲೆಯಿಂದ ಆ ಎರಡು ಒಣಗಿಡ ಇಳಿಸಿ ಅವರ ಮುಂದೆ ಇಟ್ಟಳು. ಇದು ಯಾವ ರೋಗ ನೋಡಿ ಸ್ವಾಮಿ ಅಂದಳು.

ಅವರು ಗಿಡ ಎತ್ತಿ ಬೇರನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಎರಡೂ ಒಂದೇ ಹೊಲದ್ದಾ, ತಾಯಿ?"

"ಒಂದೇ ಹೊಲ, ಒಂದೇ ಬೀಜ, ಒಂದೇ ದಿನ ಬಿತ್ತಿದ್ದು."

"ಇದಕ್ಕೆ ಏನೋ ಹಾಕಿದ್ದೀರಿ. ಇದಕ್ಕೆ ಹಾಕಿಲ್ಲ."

"ತಿಪ್ಪೆ ಗೊಬ್ಬರ ಎರಡಕ್ಕೂ ಬಿದ್ದಿದೆ. ಬೇರೇನೂ ನಾವು ಹಾಕೇ ಇಲ್ಲ," ಅಂದಳು. ಎಳ್ಳಷ್ಟೂ ಅನುಮಾನವಿಲ್ಲದೆ ಅಂದಳು.

ಮೊರದಲ್ಲಿ ರಾಗಿ ಕೇರುತ್ತಿದ್ದ ಅಮ್ಮನ ಕೈ ನಿಂತಿತು. ನನ್ನ ಹೆಗಲ ಮೇಲೆ ಗೆರೆ ಎಳೆಯುವ ಹಗ್ಗವಿತ್ತು.

ಚೆನ್ನರಾಯಪ್ಪನವರು ತಲೆ ಅಲ್ಲಾಡಿಸಿದರು. ಹಾಗಾದರೆ ನನಗೂ ತಿಳಿಯುತ್ತಿಲ್ಲ, ಮಣ್ಣಿನಲ್ಲೇ ಏನೋ ದೋಷ ಇರಬೇಕು ಅಂದರು. ಗಿಡಗಳನ್ನು ಕೆಳಗಿಟ್ಟು ಸೈಕಲ್ಲಿನ ಕಡೆ ಎದ್ದರು. ಕೊಂಡಮ್ಮ ನನ್ನ ಹೆಗಲ ಮೇಲಿನ ಹಗ್ಗ ನೋಡಿದಳು. ಸರಿ, ನೆಡಿ ಅನ್ನುವ ಹಾಗಿತ್ತು ಆ ನೋಟ. ನಾನು ಇನ್ನು ಸುಮ್ಮನಿದ್ದರೆ ಆ ಹೊಲ ಸುಳ್ಳಿನ ಮೇಲೆ ನನ್ನದಾಗುತ್ತದೆ ಅನ್ನಿಸಿತು.

"ನಾನು ಹಾಕಿದ್ದೆ," ಅಂದೆ. "ಉಪ್ಪಿನ ಗೊಬ್ಬರ. ಹೂವು ಬಿಡೋ ಹೊತ್ತಿಗೆ. ಎರಡು ಮೂಟೆ."

ಹುತ್ತದ ಸುತ್ತ ಮಾತ್ರ ಹಾಕಲಿಲ್ಲ, ಅಮ್ಮ ಬೇಡ ಅಂದಳು ಅಂತಲೂ ಹೇಳಿದೆ.

ಕೊಂಡಮ್ಮ ನನ್ನನ್ನು ನೋಡಿದಳು. ಬಯ್ಯುತ್ತಾಳೆ ಅಂದುಕೊಂಡೆ.

"ಹುಳಕ್ಕೆ ಮಾಡೋ ಪ್ರೀತೀನ ನನ್ನ ಹೊಲಕ್ಕೂ ಮಾಡಿದ್ರಾ," ಅಂದಳು. ಆಮೇಲೆ ಒಳಗೆ ಹೋದಳು.

ಚೆನ್ನರಾಯಪ್ಪನವರು ಮತ್ತೆ ಕೂತರು. ನನ್ನನ್ನು ಪಕ್ಕಕ್ಕೆ ಕರೆದು ಹುತ್ತದ ಗಿಡದ ಬೇರು ತೋರಿಸಿದರು. ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ಗಂಟು, ಬೇರಿನ ಉದ್ದಕ್ಕೂ. ಇನ್ನೊಂದು ಗಿಡದಲ್ಲಿ ಹುಡುಕಿದರೆ ಅಲ್ಲೊಂದು ಇಲ್ಲೊಂದು.

"ಇದು ರೋಗದ ಗಂಟಲ್ಲ ಯಜಮಾನ್ರೇ. ಕಡಲೆಕಾಯಿ ಗಿಡದ ಸ್ವಂತ ಗೊಬ್ಬರದ ಅಂಗಡಿ. ಗಿಡಕ್ಕೆ ಬೇಕಾದ ಸಾರಜನಕಾನ ಗಾಳಿಯಿಂದ ಹಿಡಿದು ಇಲ್ಲೇ ತಯಾರು ಮಾಡ್ಕೊಳ್ಳುತ್ತೆ. ನೀವು ತಂದು ಸುರಿದ ಉಪ್ಪಿನ ಗೊಬ್ಬರದಲ್ಲಿ ಇರೋದೂ ಅದೇ ಸಾರಜನಕ. ಮನೆ ಬಾಗಿಲಿಗೆ ಪುಕ್ಕಟೆ ಬಂದು ಬಿದ್ರೆ ಅಂಗಡಿ ಯಾಕೆ ತೆರೀತದೆ?"

ಹಾಗಾದರೆ ಗಿಡ ಅಷ್ಟು ಹುಲುಸಾಗಿ ಬಂತಲ್ಲ ಅಂತ ಕೇಳಿದೆ. ನನಗೆ ಇನ್ನೂ ಅನುಮಾನ. ಹತ್ತು ವರ್ಷದಿಂದ ತೋಟದಲ್ಲಿ ಕಣ್ಣಾರೆ ಕಂಡದ್ದು ಸುಳ್ಳಾಗುವುದು ಹೇಗೆ?

ಅವರು ನನ್ನ ಕಸುಬಿನಿಂದಲೇ ಉತ್ತರ ತೆಗೆದರು. ಹುಳ ಪೊರೆ ಕಳಚುವ ಮೊದಲು ಮೇವು ಬಿಟ್ಟು ಅಲ್ಲಾಡದೆ ಕೂರುತ್ತದಲ್ಲ, ಅದಕ್ಕೆ ನಾವು ಜ್ವರ ಅನ್ನುತ್ತೇವೆ.

"ಜ್ವರಕ್ಕೆ ಕೂತ ಹುಳದ ಮೇಲೆ ನೀವು ಸೊಪ್ಪು ಹಾಕ್ತೀರಾ?"

"ಹಾಕಿದ್ರೆ ಹುಳ ಹಾಳಾಗ್ತವೆ ಸ್ವಾಮಿ."

"ಒಳ್ಳೇ ಸೊಪ್ಪೇ ಅಲ್ವಾ?"

"ಸೊಪ್ಪು ಒಳ್ಳೇದೇ. ಹೊತ್ತು ಅದಲ್ಲ."

"ನಾನು ಹೇಳಬೇಕಾದ್ದನ್ನ ನೀವೇ ಹೇಳಿಬಿಟ್ರಿ," ಅಂದರು.

ಹಿಪ್ಪುನೇರಳೆಯಲ್ಲಿ ನಮಗೆ ಬೇಕಾದ್ದು ಎಲೆ. ಸಾರಜನಕ ಎಲೆಯನ್ನು ಬೆಳೆಸುತ್ತದೆ, ಅದಕ್ಕೇ ಅಲ್ಲಿ ಅದು ಸರಿ. ಕಡಲೆಕಾಯಿಯಲ್ಲಿ ಬೇಕಾದ್ದು ಮಣ್ಣಿನೊಳಗಿನ ಕಾಯಿ. ಹೂವು ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಕಡ್ಡಿ ಇಳಿದು ಮಣ್ಣು ಹೊಕ್ಕು ತುದಿಯಲ್ಲಿ ಕಾಯಿ ಕಟ್ಟುತ್ತದೆ. ಆ ಹೊತ್ತಿಗೆ ಸಾರಜನಕ ಸುರಿದರೆ ಗಿಡ ಕಾಯಿಯನ್ನು ಮರೆತು ಮತ್ತೆ ಎಲೆ ಹಾಕಲು ಹೊರಡುತ್ತದೆ. ಹೀಗೆ ಬಿಡಿಸಿ ಹೇಳಿದರು.

ಹಾಗಾದರೆ ಉಪ್ಪಿನ ಗೊಬ್ಬರ ಬೇಡವೇ ಬೇಡವಾ ಅಂದೆ. ಬೇಡ ಅನ್ನಲಿಲ್ಲ ಅಂದರು. ಗಿಡ ಹುಟ್ಟಿದ ಮೊದಲ ಮೂರು ವಾರ ಬೇರಿನ ಗಂಟು ಇನ್ನೂ ಕೆಲಸಕ್ಕೆ ಬಂದಿರುವುದಿಲ್ಲ. ಆ ಎಳೆತನ ದಾಟಿಸಲು ಸ್ವಲ್ಪ ಬೇಕು. ನಮ್ಮ ಥರದ ಕೆಂಪು ಬೆದ್ದಲಿಗೆ ಎಕರೆಗೆ ಇಪ್ಪತ್ತೈದು ಕಿಲೋ, ಅಂದರೆ ಐವತ್ತು ಕಿಲೋ ಮೂಟೆಯಲ್ಲಿ ಅರ್ಧ ಸಾಕು. ಅದೂ ಬಿತ್ತುವ ದಿನವೇ, ಸಾಲಿನಲ್ಲಿ. ಬೀಜಕ್ಕೆ ತಾಗಬಾರದು, ತಾಗಿದರೆ ಮೊಳಕೆ ಸುಡುತ್ತದೆ. ಮೊದಲು ಗೊಬ್ಬರ, ಅದರ ಮೇಲೆ ಎರಡು ಬೆರಳು ಮಣ್ಣು, ಆಮೇಲೆ ಬೀಜ. ಜೊತೆಗೆ ಎರಡು ಮೂಟೆ ಸೂಪರ್ ಫಾಸ್ಫೇಟು, ಅದು ಬೇರಿಗೂ ಕಾಯಿಗೂ. ತಿಪ್ಪೆ ಗೊಬ್ಬರವನ್ನು ಮಾತ್ರ ಬಿಡಬಾರದು.

ಅಷ್ಟರಲ್ಲಿ ಕೊಂಡಮ್ಮ ಮಜ್ಜಿಗೆ ತಂದಳು. ಅವರಿಗೊಂದು ಲೋಟ, ಅಮ್ಮನಿಗೊಂದು. ಕೊನೆಗೆ ನನಗೂ ಒಂದು ಕೊಟ್ಟಳು. ಕುಡಿದರೆ ಸಪ್ಪೆ.

"ಉಪ್ಪು ಹಾಕಿಲ್ವಲ್ಲ," ಅಂದೆ.

"ನಿಮ್ಮ ಪಾಲಿನ ಉಪ್ಪು ಹೋದ ವರ್ಷಾನೇ ಮುಗಿದೋಯ್ತು," ಅಂದಳು.

ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಚೆನ್ನರಾಯಪ್ಪನವರು ಆಕಾಶ ನೋಡಿದರು. ನಾನು ಸಪ್ಪೆ ಮಜ್ಜಿಗೆಯನ್ನು ಪೂರ್ತಿ ಕುಡಿದೆ. ಆರು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಜಾರಿದ್ದರಿಂದ ಅದೂ ರುಚಿಯಾಗೇ ಇತ್ತು.

ಕೊಂಡಮ್ಮ ಆಮೇಲೆ ತಾನೇ ಮುಂದೆ ಕೂತು ಕೇಳಿದಳು. ಅವಳ ಪ್ರಶ್ನೆ ಹರಳಿನದು. ಹರಳಿನ ಬೇರಿನಲ್ಲೂ ಗಂಟು ಇರುತ್ತದೆಯೇ? ಇಲ್ಲ ಅಂದರು ಅವರು. ಹರಳು, ಎಳ್ಳು, ಹುಚ್ಚೆಳ್ಳು, ಇವು ಮೂರೂ ಎಣ್ಣೆ ಕಾಳೇ ಆದರೂ ಕಡಲೆಕಾಯಿಯ ಜಾತಿಯಲ್ಲ. ಇವುಗಳಿಗೆ ಸ್ವಂತ ಅಂಗಡಿ ಇಲ್ಲ. ಸಾರಜನಕ ನಾವೇ ಕೊಡಬೇಕು. ಅದನ್ನೂ ಒಂದೇ ಸಲ ಸುರಿಯಬಾರದು. ಅರ್ಧ ಬಿತ್ತುವಾಗ, ಇನ್ನರ್ಧ ಗಿಡ ಬೆಳೆಯುವಾಗ, ಹದ ಮಳೆ ಬಿದ್ದು ಮಣ್ಣು ಹಸಿಯಿದ್ದಾಗ. ಹರಳಿಗೆ ಆ ಎರಡನೆಯದು ಸುಮಾರು ನಲವತ್ತನೇ ದಿನಕ್ಕೆ, ಬುಡದಿಂದ ಗೇಣು ದೂರದಲ್ಲಿ. ಎಳ್ಳು, ಹುಚ್ಚೆಳ್ಳಿಗೆ ಹೂವಿಗೆ ಮುಂಚೆಯೇ. ಒಣ ಮಣ್ಣಿಗೆ ಹಾಕಿದರೆ ದಂಡ, ಜಡಿಮಳೆಯಲ್ಲಿ ಹಾಕಿದರೆ ಕೊಚ್ಚಿಹೋಗುತ್ತದೆ.

ಒಂದೇ ಹೊಲದಲ್ಲಿ ಎರಡು ಬೆಳೆಗೆ ಎರಡು ರೀತಿಯೇ ಅಂತ ನಾನು ಗೊಣಗಿದೆ.

"ಒಂದೇ ಮನೇಲಿ ಬಾಣಂತಿಗೊಂದು ಅಡುಗೆ, ನಿಮಗೊಂದು ಅಡುಗೆ ಮಾಡಲ್ವಾ," ಅಂದಳು ಅಮ್ಮ. ಗ್ರಾಮಸೇವಕರಿಗಿಂತ ಮೊದಲು ಅವಳಿಗೇ ಅರ್ಥವಾಗಿತ್ತು.

ಹಗ್ಗವನ್ನು ನಾನೇ ಸುತ್ತಿ ಮೊಳೆಗೆ ನೇತುಹಾಕಿದೆ. ತೋಡಿದ ಗುಂಡಿಗಳನ್ನು ಮುಚ್ಚಿ ಬರುತ್ತೇನೆಂದು ಹೊರಟೆ. ಕೊಂಡಮ್ಮ ಬೇಡ ಅಂದಳು. ಆ ಇಪ್ಪತ್ತು ಗುಂಡಿಗೂ ತಿಪ್ಪೆ ಗೊಬ್ಬರ ತುಂಬಿಟ್ಟು, ಕಡಲೆಕಾಯಿ ಬಿತ್ತುವ ಹೊತ್ತಿಗೆ ಒಂದೊಂದರಲ್ಲಿ ಹರಳು ಹಾಕಿದಳು.

ಆರಿದ್ರಾ ಮಳೆಗೆ ಕಡಲೆಕಾಯಿ ಬಿತ್ತಿದೆವು. ಅಳತೆ ನಾನು ಹಿಡಿದೆ, ಮಾತು ಅವಳದು. ಅರ್ಧ ಮೂಟೆ ಎಂದರೆ ಅರ್ಧವೇ. ಅಷ್ಟು ಸ್ವಲ್ಪ ಗೊಬ್ಬರ ಸಾಲಿನಲ್ಲಿ ಬಿದ್ದಾಗ ಕಣ್ಣಿಗೂ ಕಾಣಲಿಲ್ಲ, ನನ್ನ ಕೈ ಮಾತ್ರ ತಡೆಯದೆ ಇನ್ನೊಂದು ಹಿಡಿಗೆ ಹೋಗುತ್ತಿತ್ತು. ಅವಳು ಅದನ್ನು ಗಮನಿಸಿದಳು. ಹೊಲದ ಪಡುವಣ ಅಂಚಿನಲ್ಲಿ ಐದು ಸಾಲು ತೋರಿಸಿ, ಇದು ನಿಮ್ಮ ಅನುಮಾನಕ್ಕೆ ಬಿಟ್ಟಿದ್ದೀನಿ, ಇಲ್ಲಿ ನಿಮ್ಮ ಇಷ್ಟದ ಹಾಗೆ ಮಾಡಿ ನೋಡಿ ಅಂದಳು. ನನಗೆ ಅವಮಾನವಾಗಲಿಲ್ಲ. ಅವಳು ಹಾಗೆ ಬಿಡದಿದ್ದರೆ ಅನುಮಾನ ನನ್ನಲ್ಲಿ ಇಂದಿಗೂ ಉಳಿಯುತ್ತಿತ್ತು.

ಹೂವಿನ ಹೊತ್ತಿಗೆ ನನ್ನ ಐದು ಸಾಲಿಗೆ ಹೋದ ವರ್ಷದ ಲೆಕ್ಕದಲ್ಲೇ ಎರಚಿದೆ. ಉಳಿದ ಹೊಲಕ್ಕೆ ಒಂದು ಕಾಳೂ ಬೀಳದ ಹಾಗೆ ಬಾಗಿ ಬಾಗಿ ಹಾಕಿದೆ. ಆಶ್ಲೇಷ ಮಳೆ ಬಿದ್ದ ಮಾರನೇ ದಿನ ಹರಳಿಗೆ ಎರಡನೇ ಸಲದ್ದನ್ನು ಕೊಟ್ಟೆವು. ಹುತ್ತದ ಸುತ್ತ ಮಾತ್ರ ಅಮ್ಮನ ಹತ್ತು ಹೆಜ್ಜೆ ಆ ವರ್ಷವೂ ಹಾಗೇ ಉಳಿಯಿತು.

ಭಾದ್ರಪದದಲ್ಲಿ ನನ್ನ ಐದು ಸಾಲು ಕಪ್ಪಗೆ ಹಬ್ಬಿ ನಿಂತಿತು. ಗಂಗುಲಪ್ಪ ಬಂದವನು ಆ ಕಡೆ ಈ ಕಡೆ ನೋಡಿ, ಬಾವ, ಐದು ಸಾಲು ರಾಜರ ಥರ ಐತೆ, ಮಿಕ್ಕಿದ್ದೆಲ್ಲ ಆಳುಗಳ ಥರ ಐತೆ ಅಂದ. ಯಾರು ದುಡೀತಾರೆ ನೋಡಣ ತಾಳಪ್ಪ ಅಂದಳು ಕೊಂಡಮ್ಮ.

ಕಾರ್ತಿಕದಲ್ಲಿ ಕೀಳುವ ದಿನ ಗಂಗುಲಪ್ಪ ಕರೆಯದೆಯೇ ಬಂದು ಬದುವಿನ ಮೇಲೆ ಕೂತ. ನನ್ನ ಸಾಲಿನಿಂದ ಹತ್ತು ಗಿಡ, ಅವಳ ಸಾಲಿನಿಂದ ಹತ್ತು ಗಿಡ ಕಿತ್ತು ಎರಡು ಮೊರದಲ್ಲಿ ಕಾಯಿ ಬಿಡಿಸಿದೆವು. ನನ್ನ ಮೊರದ ತಳ ಕಾಣುತ್ತಿತ್ತು. ಅವಳ ಮೊರ ತುಂಬಿತ್ತು. ಹುತ್ತದ ಬಳಿಯ ಹತ್ತು ಗಿಡವನ್ನೂ ಕಿತ್ತು ಮೂರನೇ ಮೊರದಲ್ಲಿ ಬಿಡಿಸಿ ನೋಡಿದೆವು. ಅದು ನನ್ನದಕ್ಕಿಂತ ಎಷ್ಟೋ ಮೇಲು, ಅವಳದಕ್ಕಿಂತ ಕಡಿಮೆ. ಏನೂ ಹಾಕದಿದ್ದರೆ ಏನಾಗುತ್ತದೆ, ಅತಿಯಾದರೆ ಏನಾಗುತ್ತದೆ, ಹೊತ್ತರಿತು ಹಿತವಾಗಿ ಕೊಟ್ಟರೆ ಏನಾಗುತ್ತದೆ, ಮೂರೂ ಒಂದೇ ಹೊಲದಲ್ಲಿ ನಮ್ಮ ಮುಂದೆ ಇತ್ತು.

ಗಂಗುಲಪ್ಪ ಮೂರು ಮೊರವನ್ನೂ ನೋಡಿ ಬೀಡಿ ಆರಿಸಿದ. "ಅಕ್ಕಾ, ಆ ಅರ್ಧ ಮೂಟೆ ಲೆಕ್ಕ ಇನ್ನೊಂದು ಸಲ ಹೇಳು," ಅಂದ. ಬಾವನಾದ ನನ್ನನ್ನು ಕೇಳಲಿಲ್ಲ.

ಹನ್ನೊಂದು ಮೂಟೆ ಆಯಿತು. ಮಳೆ ಹಿಂದಿನ ವರ್ಷಕ್ಕಿಂತ ಹೆಚ್ಚೇನೂ ಇರಲಿಲ್ಲ. ಹನ್ನೊಂದೂ ಗೊಬ್ಬರದ ಹದದಿಂದಲೇ ಬಂತೆಂದು ನಾನು ಆಣೆ ಮಾಡಿ ಹೇಳಲಾರೆ. ಆ ವರ್ಷ ಬೀಜ ಆರಿಸಿ ಬಿತ್ತಿದ್ದೆವು, ಕಳೆಯನ್ನೂ ಹೊತ್ತಿಗೆ ಸರಿಯಾಗಿ ತೆಗೆಸಿದ್ದೆವು. ಆದರೆ ಆ ಮೂರು ಮೊರಕ್ಕೆ ಬೀಜವೂ ಒಂದೇ, ಕಳೆಯೂ ಒಂದೇ, ಮಳೆಯೂ ಒಂದೇ. ಅದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಗುಂಡಿಯ ಹರಳು ಆಳೆತ್ತರ ಬೆಳೆದು ಗೊನೆ ಗೊನೆ ಕಾಯಿ ಬಿಟ್ಟಿತು. ಹೊಸ ಎಣ್ಣೆಯಲ್ಲಿ ಅಮ್ಮ ದೇವರ ಗೂಡಿಗೊಂದು, ಹುತ್ತದ ಮುಂದೊಂದು ದೀಪ ಹಚ್ಚಿದಳು. ಈ ಸಲ ನಾನೂ ಜೊತೆಗೆ ಹೋಗಿ ಕೈ ಮುಗಿದೆ. ಅಮ್ಮನ ಆ ಹತ್ತು ಹೆಜ್ಜೆ ಇಲ್ಲದಿದ್ದರೆ ಕೊಂಡಮ್ಮನ ಕೈಗೆ ಆ ಎರಡು ಗಿಡ ಸಿಗುತ್ತಿರಲಿಲ್ಲ.

ಎಷ್ಟು ಜನಕ್ಕೆ ನಾನು ಋಣಿ ಅಂತ ಯೋಚಿಸುತ್ತೇನೆ. ಬಿಸಿಲಿನಲ್ಲಿ ಸೈಕಲ್ಲು ತಳ್ಳಿಕೊಂಡು ಬಂದು, ನನ್ನನ್ನು ದಡ್ಡ ಅನ್ನದೆ ನನ್ನ ಹುಳದ ಮಾತಿನಲ್ಲೇ ತಿಳಿಸಿಕೊಟ್ಟ ಚೆನ್ನರಾಯಪ್ಪನವರಿಗೆ. ಬೇಡ ಅಂದ ಅಮ್ಮನಿಗೆ. ಎಲ್ಲಕ್ಕಿಂತ ಹೆಚ್ಚಾಗಿ ಕೊಂಡಮ್ಮನಿಗೆ. ಹೊಲ ಕೈತಪ್ಪುವ ಹೊತ್ತಿನಲ್ಲೂ ಅವಳು ಜಗಳವಾಡಲಿಲ್ಲ, ಅಳಲಿಲ್ಲ. ಎರಡು ಗಿಡ ಕಿತ್ತು ತೊಲೆಗೆ ಕಟ್ಟಿ, ತಿಳಿದವರು ಬರುವವರೆಗೂ ಕಾದಳು. ಎರಡು ವರ್ಷ ಕಳೆದರೂ ಆ ಒಂದು ಕೆಟ್ಟ ಮಾತನ್ನು ನನಗೆ ತಿರುಗಿಸಿ ಹೇಳಿಲ್ಲ.

ಹನ್ನೊಂದನೇ ಮೂಟೆಗೆ ದಬ್ಬಳದಿಂದ ಬಾಯಿ ಹೊಲಿದು ಜಗುಲಿಯಲ್ಲಿ ಕೂತಾಗ ಅವಳು ಮಜ್ಜಿಗೆ ತಂದುಕೊಟ್ಟಳು. ಅವತ್ತು ಉಪ್ಪು ಹದವಾಗಿತ್ತು. ಮುಂದಿನ ವರ್ಷ ಹೊಲಕ್ಕೆ ಏನು ಹಾಕ್ತೀಯ ಅಂತ ಕೇಳಿದೆ. ಯೋಚನೆ ಮಾಡಿ ಹೇಳ್ತೀನಿ ಅಂದಳು. ಹೇಳುವವರೆಗೂ ಕಾದೆ.

ಓದುತ್ತಿರುವ, ಓದಿಸಿ ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೀವೂ ಈ ವರ್ಷ ಕಡಲೆಕಾಯಿಯನ್ನೋ ಹರಳನ್ನೋ ಹುಚ್ಚೆಳ್ಳನ್ನೋ ಬಿತ್ತುತ್ತೀರಿ. ಗೊಬ್ಬರದ ಪುಟ್ಟಿ ಎತ್ತುವ ಮೊದಲು ಒಂದು ಮಾತು ಕೇಳಿಕೊಳ್ಳಿ: ಈ ಬೆಳೆಯಿಂದ ನನಗೆ ಬೇಕಾದ್ದು ಎಲೆಯೋ, ಕಾಯಿಯೋ? ಕಡಲೆಕಾಯಿಗೆ ಸಾರಜನಕ ಸ್ವಲ್ಪ ಸಾಕು, ಅದೂ ಬಿತ್ತುವಾಗಲೇ. ಹೂವು ಬಂದ ಮೇಲೆ ಕೈ ತಡೆಯಿರಿ. ಹರಳು, ಎಳ್ಳು, ಹುಚ್ಚೆಳ್ಳಿಗೆ ಎರಡು ಪಾಲು ಮಾಡಿ, ಹಸಿ ಮಣ್ಣಿಗೆ ಕೊಡಿ. ನಾನು ಬರೆದ ಅಳತೆ ನಮ್ಮ ಕೆಂಪು ಬೆದ್ದಲಿನದು. ಅದನ್ನು ಗ್ರಾಮಸೇವಕರ ಹತ್ತಿರ ಎರಡು ಸಲ ಕೇಳಿ ತಿದ್ದಿಕೊಂಡಿದ್ದೇನೆ. ನಿಮ್ಮ ಮಣ್ಣಿಗೆ ಎಷ್ಟು ಅನ್ನುವುದನ್ನು ನಿಮ್ಮ ಗ್ರಾಮಸೇವಕರನ್ನು ಕೇಳಿ. ಕೇಳುವುದರಲ್ಲಿ ಮಾನ ಹೋಗುವುದಿಲ್ಲ, ಮುಚ್ಚಿಡುವುದರಲ್ಲಿ ಹೋಗುತ್ತದೆ.

ನನ್ನ ಮಾತೂ ನಂಬಿಕೆಯಾಗದಿದ್ದರೆ ಬೇಡ. ನಿಮ್ಮ ಹೊಲದಲ್ಲಿ ಹುತ್ತ ಇರಲಿ ಇಲ್ಲದಿರಲಿ, ಒಂದು ಮೂಲೆಯಲ್ಲಿ ಹತ್ತು ಹೆಜ್ಜೆ ಏನೂ ಹಾಕದೆ ಬಿಡಿ. ಕೀಳುವ ದಿನ ಅಲ್ಲಿಯದೊಂದು ಗಿಡ, ಹೊಲದ ನಡುವಿನದೊಂದು ಗಿಡ ಜೊತೆಗಿಟ್ಟು ನೋಡಿ. ಆಗಲೂ ಸೊಪ್ಪನ್ನಲ್ಲ, ಬೇರನ್ನು ನೋಡಿ.